ಅಜ್ಜನ ಫೌಂಡ್ರಿಯ ಲೆಕ್ಕದ ಪುಸ್ತಕ ಓದುವುದು ಹೇಗೆ?

ಪ್ರಶ್ನೆ: ಶಿವಮೊಗ್ಗದಲ್ಲಿ ನಮ್ಮಜ್ಜ ಸಣ್ಣ ಫೌಂಡ್ರಿ, ಜೊತೆಗೆ ಲೇತ್ ಕೆಲಸ ನಡೆಸುತ್ತಿದ್ದರು. 1950ರ ದಶಕದ ಲೆಕ್ಕದ ಪುಸ್ತಕಗಳು ಅಟ್ಟದಲ್ಲಿವೆ. ಒಂದು ಕಡೆ ‘ಬೀಡು 3-2-14’ ಅಂತ ಬರೆದಿದೆ. ಇದು ದುಡ್ಡೋ, ತೂಕವೋ? ಮನೆಯವರು ಎಲ್ಲವನ್ನೂ ಗುಜರಿಗೆ ಹಾಕಿ ಅನ್ನುತ್ತಿದ್ದಾರೆ.

ಉತ್ತರ: ದಯವಿಟ್ಟು ಹಾಕಬೇಡಿ. ಒಮ್ಮೆ ಹೋದರೆ ಆ ಲೆಕ್ಕ ಇನ್ನೆಲ್ಲೂ ಸಿಗುವುದಿಲ್ಲ.

ಬೀಡು ಅಂದರೆ ಎರಕ ಹೊಯ್ಯುವ ಕಬ್ಬಿಣ, 3-2-14 ಅದರ ತೂಕವೇ. 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ. ಹಾಗಾಗಿ ದುಡ್ಡಿನ ಲೆಕ್ಕದಲ್ಲಿ ಕೊನೆಯ ಅಂಕಿ 11 ದಾಟುವ ಹಾಗಿಲ್ಲ. ಇದು ಹಂಡ್ರೆಡ್‌ವೇಟ್, ಕ್ವಾರ್ಟರ್, ಪೌಂಡ್. ಹಂಡ್ರೆಡ್‌ವೇಟ್ ಅಂದರೆ 112 ಪೌಂಡ್, ಕ್ವಾರ್ಟರ್ ಅಂದರೆ 28. ಕೂಡಿದರೆ 406 ಪೌಂಡ್, ಸುಮಾರು 184 ಕಿಲೋ ಬೀಡು. ತೂಕದಲ್ಲಿ ನಡುವಿನ ಅಂಕಿ 3 ದಾಟುವುದಿಲ್ಲ, ದಾಟಿದ್ದರೆ ಅದು ದುಡ್ಡು. ಎರಡೂ ಅಂಕಿ ಚಿಕ್ಕದಿದ್ದರೆ ಪುಟದ ಕೆಳಗಿನ ಮೊತ್ತ ನೋಡಿ. ಕೊನೆಯ ಅಂಕಿಗಳನ್ನು ಕೂಡುವಾಗ 12 ಆದ ಕೂಡಲೇ ನಡುವಿನ ಅಂಕಿಗೆ ಒಂದು ಏರಿಸಿದ್ದಾರೋ, 28 ಆದ ಮೇಲೋ ಅನ್ನುವುದರಲ್ಲೇ ಗೊತ್ತಾಗುತ್ತದೆ.

1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರರ ಲೆಕ್ಕದ ನಯಾಪೈಸೆ ಬಂತು. ಹಳೇ ನಾಣ್ಯಗಳೂ ಸ್ವಲ್ಪ ಕಾಲ ಚಲಾವಣೆಯಲ್ಲಿದ್ದವು. ಆಣೆ, ಪೈಸೆ ಎರಡೂ ಒಂದೇ ಪುಟದಲ್ಲಿ ಕಂಡರೆ ಗುಮಾಸ್ತರ ತಪ್ಪು ಅಂದುಕೊಳ್ಳಬೇಡಿ. ಕಿಲೋ ಹಂತ ಹಂತವಾಗಿ ಆಮೇಲೆ ಬಂತು.

ಓದುವಾಗ ವರ್ಷದ ಕೊನೆಯ ಲಾಭ-ನಷ್ಟಕ್ಕೆ ಹಾರಬೇಡಿ. ರೋಕಡ ಪುಸ್ತಕ ಮತ್ತು ಆರ್ಡರ್ ಪುಸ್ತಕವನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ಕುಲುಮೆಗೆ ಹಾಕಿದ ಬೀಡೆಷ್ಟು, ಗುಜರಿ ಕಬ್ಬಿಣವೆಷ್ಟು, ಹೊರಗೆ ಹೋದ ಎರಕವೆಷ್ಟು? ನಡುವಿನ ವ್ಯತ್ಯಾಸವೆಲ್ಲ ನಷ್ಟವಲ್ಲ. ಒಂದಷ್ಟು ಸುಟ್ಟು ಹೋಗುತ್ತದೆ. ಹುಸಿಬಿದ್ದ ಎರಕ, ಅಚ್ಚಿನ ಕಾಲುವೆಯಲ್ಲಿ ಗಟ್ಟಿಯಾದ ಕಬ್ಬಿಣ ಮತ್ತೆ ಕುಲುಮೆಗೇ ಹೋಗುತ್ತದೆ. ಅಜ್ಜನ ಎರಕದವರ ಕೈ ಎಷ್ಟು ಪಳಗಿತ್ತು ಅನ್ನುವುದು ಈ ಲೆಕ್ಕದಲ್ಲೇ ಇದೆ. ನನಗೆ ಇಂಥ ಪುಸ್ತಕಗಳಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಇದೇ.

ಬೀಡು ಎಲ್ಲಿಂದ ಬಂತು ಅಂತಲೂ ಹುಡುಕಿ. ಪಕ್ಕದ ಭದ್ರಾವತಿಯ ಕಾರ್ಖಾನೆಯಲ್ಲಿ 1923ರಿಂದಲೇ ಇದ್ದಿಲಿನ ಕುಲುಮೆಯಲ್ಲಿ ಕಬ್ಬಿಣ ತಯಾರಾಗುತ್ತಿತ್ತಲ್ವಾ? ಗಿರಾಕಿಗಳ ಬಾಕಿ ಯಾವ ತಿಂಗಳಲ್ಲಿ ತೀರಿದೆ ನೋಡಿ. ಅಡಿಕೆ ಮಾರಿದ ಮೇಲೆ ಕೊಟ್ಟವರು ಎಷ್ಟು ಜನ ಅಂತ ಗೊತ್ತಾದೀತು.

ಪುಸ್ತಕ ತೇವವಾಗಿದ್ದರೆ ಬಿಸಿಲಿಗೆ ಇಡಬೇಡಿ, ಫ್ಯಾನ್ ಗಾಳಿ ಸಾಕು. ಹರಿದ ಕಡೆ ಸೆಲ್ಲೋಟೇಪ್ ಬೇಡವೇ ಬೇಡ. ಮೊಬೈಲಿನಲ್ಲಿ ರಟ್ಟಿನಿಂದ ಹಿಡಿದು ಪ್ರತಿ ಪುಟದ ಫೋಟೊ ತೆಗೆಯಿರಿ. ಒಳಗಿರುವ ಬಿಡಿ ಚೀಟಿಗಳನ್ನು ಸುಮ್ನೆ ಒಟ್ಟು ಮಾಡಿ ಬೇರೆ ಇಡಬೇಡಿ. ಯಾವ ಪುಟದಲ್ಲಿತ್ತೋ ಅಲ್ಲೇ ಇರಲಿ.