ಹಿಟ್ಟು ಉಬ್ಬುತ್ತಿಲ್ಲ, ಬೇಳೆ ಬೇಯುತ್ತಿಲ್ಲ: ಯಾರ ಮಾತು ಕೇಳಲಿ?

ನಿಮ್ಮ ಪ್ರಶ್ನೆಯನ್ನು ಪೂರ್ತಿ ಓದಿದೆ. ಊರು ಉಡುಪಿ ಕಡೆ, ಈಗ ವೈಟ್‌ಫೀಲ್ಡ್ ಹತ್ತಿರ ಬಾಡಿಗೆ ಮನೆ. ಹೆಂಡತಿಯ ಆಫೀಸು ದೂರ, ನಿಮಗೆ ಮನೆಯಿಂದಲೇ ಕೆಲಸ, ಹಾಗಾಗಿ ಅಡುಗೆ ನಿಮ್ಮ ಪಾಲಿಗೆ ಬಂದಿದೆ. ಇಡ್ಲಿ ಹಿಟ್ಟು ಉಬ್ಬುವುದಿಲ್ಲ, ತೊಗರಿಬೇಳೆ ಬೇಯುವುದಿಲ್ಲ, ರವೆ ಡಬ್ಬಿಯಲ್ಲಿ ಹುಳ, ನಲ್ಲಿಗಳ ಮೇಲೆಲ್ಲ ಬಿಳಿ ಕರೆ. ಊರಿಂದ ಅಕ್ಕ ಫೋನಲ್ಲಿ ಒಂದು ಹೇಳುತ್ತಾರೆ, ಪಕ್ಕದ ಮನೆ ಆಂಟಿ ಇನ್ನೊಂದು, ಗೆಳೆಯರು ಮತ್ತೊಂದು. ಎಲ್ಲ ಮಾಡಿ ನೋಡಿದ ಮೇಲೂ ಸರಿಹೋಗದಿದ್ದಾಗ ಅಕ್ಕ "ನಿನ್ನ ಕೈಗೆ ಅಡುಗೆ ಒಲಿಯಲ್ಲ ಬಿಡು" ಅಂದರಂತೆ. ಯಾರ ಮಾತು ಕೇಳಲಿ ಅಂತ ನಿಮ್ಮ ಪ್ರಶ್ನೆ.

ಸಲಹೆ ಕೊಡುವವರು ಯಾವ ಊರಿನ ನೀರು ಕುಡಿಯುತ್ತಾರೆ ಅಂತ ಮೊದಲು ನೋಡಿ. ಅಕ್ಕ ಹೇಳಿದ್ದು ಸುಳ್ಳಲ್ಲ, ಅದು ಉಡುಪಿಗೆ ನಿಜ. ನಾನು ಸಾಗರದ ಕಡೆಯವಳು, ಮದುವೆಯಾದ ಮೇಲೆ ಬೆಂಗಳೂರು ಸೇರಿದೆ. ನಮ್ಮಮ್ಮ ಹೇಳಿಕೊಟ್ಟದ್ದು ಎಷ್ಟೋ ಇಲ್ಲಿ ನಡೆಯಲಿಲ್ಲ. ಹವೆ ಬೇರೆ, ನೀರು ಬೇರೆ, ಅಂಗಡಿಯ ಅಕ್ಕಿಬೇಳೆಯೂ ಬೇರೆ. ನೀವು ಹೇಳಿದ ನಾಲ್ಕು ತೊಂದರೆಯಲ್ಲಿ ಒಂದೂ ನಿಮ್ಮ ಕೈಯದ್ದಲ್ಲ.

ಹಿಟ್ಟಿನಿಂದ ಶುರು ಮಾಡುತ್ತೇನೆ. ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಉದ್ದಿನಬೇಳೆಯ ಜೊತೆಗೇ ಬರುವ ಲ್ಯೂಕೋನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ. ಅದು ಹಿಟ್ಟನ್ನು ಹುಳಿಯೂ ಮಾಡುತ್ತದೆ, ಗಾಳಿಯನ್ನೂ ಬಿಡುತ್ತದೆ. ಉದ್ದಿನ ಲೋಳೆ ಆ ಗಾಳಿಯನ್ನು ಹಿಡಿದುಕೊಳ್ಳುತ್ತದೆ, ಹಿಟ್ಟು ಮೇಲೇಳುತ್ತದೆ. ಇದಕ್ಕೆ 25ರಿಂದ 30 ಡಿಗ್ರಿ ಬೆಚ್ಚಗಿದ್ದರೆ ಖುಷಿ. ನಿಮ್ಮೂರಲ್ಲಿ ಚಳಿಗಾಲದಲ್ಲೂ ಹಗಲು 30 ದಾಟುತ್ತದೆ, ರಾತ್ರಿ 20ಕ್ಕಿಂತ ಕೆಳಗೆ ಹೋಗುವುದು ಕಡಿಮೆ. ಇಲ್ಲಿ ಡಿಸೆಂಬರ್, ಜನವರಿ ರಾತ್ರಿಗಳಲ್ಲಿ 15-16ಕ್ಕೆ ಇಳಿಯುತ್ತದೆ. "ರಾತ್ರಿ ರುಬ್ಬಿಟ್ಟರೆ ಬೆಳಿಗ್ಗೆಗೆ ಆಯಿತು" ಅಂತ ಅಕ್ಕ ಹೇಳುವಾಗ ಅವರ ಅಡುಗೆಮನೆಯ ಸೆಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಅವರಿಗೆ ಅದು ಯಾವಾಗಲೂ ಇದ್ದದ್ದೇ ಅಲ್ವಾ.

ಹಾಗಾಗಿ ಇಲ್ಲಿ ರಾತ್ರಿ ರುಬ್ಬಬೇಡಿ. ಮಧ್ಯಾಹ್ನವೇ ರುಬ್ಬಿ, ಹಗಲಿನ ಬಿಸಿ ಸ್ವಲ್ಪ ಸಿಗಲಿ. ರುಬ್ಬುವ ನೀರು ಉಗುರು ಬೆಚ್ಚಗಿರಲಿ. ಕರಾವಳಿಯಲ್ಲಿ ಮಿಕ್ಸಿಯಲ್ಲಿ ಹಿಟ್ಟು ಬಿಸಿಯಾಗುತ್ತದೆ ಅಂತ ತಣ್ಣೀರು ಹಾಕುತ್ತಾರಲ್ಲ, ಚಳಿಗಾಲದ ಬೆಂಗಳೂರಲ್ಲಿ ಅದು ಬೇಡ. ಒಂದು ಲೋಟ ಉದ್ದಿಗೆ ಎರಡು ಲೋಟ ಇಡ್ಲಿ ರವೆ ಸಾಕು. ನೆನೆಸುವಾಗ ಉದ್ದಿನ ಜೊತೆ ಅರ್ಧ ಚಮಚ ಮೆಂತ್ಯ ಹಾಕಿ, ಅದರ ಲೋಳೆಯೂ ಗಾಳಿ ಹಿಡಿದಿಡುತ್ತದೆ. ರಾತ್ರಿ ದೊಡ್ಡ ಪಾತ್ರೆಯಲ್ಲಿ ಬಿಸಿನೀರು ಹಾಕಿ ಅದರೊಳಗೆ ಹಿಟ್ಟಿನ ಪಾತ್ರೆ ಇಟ್ಟು ಟವೆಲ್ ಮುಚ್ಚಿ. ನೀರು ಕೈ ಸುಡುವಷ್ಟು ಇರಬಾರದು. ಓವನ್ ಇದ್ದರೆ ಅದರ ದೀಪ ಮಾತ್ರ ಹಾಕಿ ಒಳಗಿಡಬಹುದು, ಆ ದೀಪದ ಬಿಸಿಯೇ ಸಾಕು. ಇಷ್ಟೆಲ್ಲ ಮಾಡಿದರೂ 14-16 ಗಂಟೆ ಹಿಡಿಯಬಹುದು. ಕಾಯಿರಿ.

ಉಪ್ಪು ರಾತ್ರಿಯೇ ಹಾಕಬೇಕೋ ಬೆಳಿಗ್ಗೆ ಹಾಕಬೇಕೋ ಎಂಬ ಜಗಳ ಎಲ್ಲ ಮನೆಯಲ್ಲೂ ಇದೆ. ನನಗೆ ದೊಡ್ಡ ವ್ಯತ್ಯಾಸ ಕಂಡಿಲ್ಲ. ಆದರೆ ಉದ್ದು ಹಳೆಯದಾದರೆ ವ್ಯತ್ಯಾಸ ಖಂಡಿತ ಕಾಣುತ್ತದೆ. ರುಬ್ಬುವಾಗ ನೊರೆಯೇ ಬರದಿದ್ದರೆ ಅಂಗಡಿ ಬದಲಾಯಿಸಿ. ಗೆಳೆಯ ಹೇಳಿದ ಅಡುಗೆ ಸೋಡಾ ಹಾಕಿದರೆ ಇಡ್ಲಿ ಉಬ್ಬುತ್ತದೆ, ನಿಜ. ಹುದುಗಿನ ರುಚಿ ಬರುವುದಿಲ್ಲ. ಅವಸರವಿದ್ದ ದಿನ ಸೋಡಾಕ್ಕಿಂತ ನೀರುದೋಸೆಯೇ ವಾಸಿ. ನೀವು ಆ ಕಡೆಯವರು, ಅದನ್ನು ನಾನು ಹೇಳಿಕೊಡಬೇಕಾಗಿಲ್ಲ. ಬೆಳ್ತಿಗೆ ಅಕ್ಕಿ ನೆನೆಸಿ ರುಬ್ಬಿದರಾಯಿತು, ಹುದುಗುವ ಗೊಡವೆಯೇ ಇಲ್ಲ.

ಇನ್ನು ಬೇಳೆ. ಇಲ್ಲಿ ಮುಖ್ಯ ತೊಂದರೆ ನೀರಿನದು. ನಿಮ್ಮೂರಿನ ಬಾವಿ ನೀರು ಮುರಕಲ್ಲಿನ ನಡುವೆ ಇಳಿದ ಮಳೆನೀರು, ಮೆದು. ವೈಟ್‌ಫೀಲ್ಡ್ ಕಡೆ ಬಹಳ ಮನೆಗಳಿಗೆ ಬರುವುದು ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು. ಆಳದ ಬಂಡೆಯ ಸಂದಿನಿಂದ ಎತ್ತಿದ್ದು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಕಾಳಿನ ಕೋಶಗಳನ್ನು ಅಂಟಿಸಿ ಹಿಡಿಯುವ ಪೆಕ್ಟಿನ್ ಅಂತ ಒಂದಿದೆ. ಮೆದು ನೀರಲ್ಲಿ ಅದು ಕರಗುತ್ತದೆ, ಬೇಳೆ ಒಡೆದು ಬೆಣ್ಣೆಯಾಗುತ್ತದೆ. ಕ್ಯಾಲ್ಸಿಯಂ ಬಂದು ಕೂತರೆ ಅದು ಇನ್ನೂ ಬಿಗಿಯುತ್ತದೆ. ಎಷ್ಟು ಸೀಟಿ ಹೊಡೆಸಿದರೂ ಬೇಳೆ ಕಣ್ಣು ಬಿಟ್ಟುಕೊಂಡು ನಿಮ್ಮನ್ನೇ ನೋಡುತ್ತಿರುತ್ತದೆ!

ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ಪರವಾಗಿಲ್ಲ ಅಂತ ಭಾರತೀಯ ಮಾನಕ ಬ್ಯೂರೋ ಹೇಳುತ್ತದೆ. ನಿಮ್ಮದು ಎಷ್ಟಿದೆ ಅಂತ ನೋಡಬೇಕಾದರೆ ಪೆನ್ನಿನಂಥ ಟಿಡಿಎಸ್ ಮೀಟರ್ ನಂಬಬೇಡಿ. ಅದು ಕರಗಿದ್ದನ್ನೆಲ್ಲ ಒಟ್ಟಿಗೆ ತೋರಿಸುತ್ತದೆ, ಗಡಸು ಎಷ್ಟು ಅಂತ ಬೇರೆ ಮಾಡಿ ಹೇಳುವುದಿಲ್ಲ. ಸುಲಭದ ಗುರುತು ಬೇಕಾದರೆ ಬಟ್ಟೆ ಸೋಪು ನೋಡಿ. ಊರಲ್ಲಿ ಒಮ್ಮೆ ಉಜ್ಜಿದರೆ ಬರುತ್ತಿದ್ದ ನೊರೆ ಇಲ್ಲಿ ಬರದೆ ಬಕೆಟ್ ಅಂಚಿಗೆ ಬಿಳಿ ಕೆನೆ ಕಟ್ಟಿದರೆ ನೀರು ಗಡಸು ಅಂತಲೇ ಅರ್ಥ.

ಪರಿಹಾರ ದೊಡ್ಡದೇನಲ್ಲ. ಬೇಳೆ ನೆನೆಸುವುದಕ್ಕೂ ಬೇಯಿಸುವುದಕ್ಕೂ ಆರ್‌ಒ ಮಷಿನ್ನಿನ ಕುಡಿಯುವ ನೀರು ಹಾಕಿ. ತೊಳೆಯುವುದಕ್ಕೆ ನಲ್ಲಿ ನೀರೇ ಸಾಕು. ಅರ್ಧ ಗಂಟೆ ಬಿಸಿನೀರಲ್ಲಿ ನೆನೆಸಿ. ಸೀಟಿ ಎಣಿಸುವುದನ್ನು ಬಿಟ್ಟುಬಿಡಿ. ಒಂದೊಂದು ಕುಕ್ಕರು ಒಂದೊಂದು ರೀತಿ ಕೂಗುತ್ತದೆ. "ಮೂರು ಸೀಟಿ" ಅನ್ನುವ ಅಳತೆ ಹೇಳಿದವರ ಕುಕ್ಕರಿಗೆ ಮಾತ್ರ. ಮೊದಲ ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡಿ ಹತ್ತು ನಿಮಿಷ ಬಿಡಿ, ಒತ್ತಡ ತಾನಾಗಿ ಇಳಿಯಲಿ. ಹುಣಸೆಹುಳಿ, ಟೊಮೆಟೊ ಬೇಳೆ ಬೆಂದ ಮೇಲೆ ಹಾಕಿ. ಹುಳಿ ಮೊದಲೇ ಬಿದ್ದರೂ ಬೇಳೆ ಬೇಯದೆ ಮೊಂಡು ಹಿಡಿಯುತ್ತದೆ. ಪಕ್ಕದ ಆಂಟಿ ಹೇಳಿದ ಹಾಗೆ ಎಣ್ಣೆ ಒಂದು ಹನಿ ಹಾಕಿ. ಬೇಗ ಬೇಯುತ್ತದೆ ಅಂತಲ್ಲ, ನೊರೆ ಉಕ್ಕಿ ಸೀಟಿಗೆ ಸಿಕ್ಕಿಕೊಳ್ಳದಿರಲಿ ಅಂತ. ಚಿಟಿಕೆ ಸೋಡಾ ಹಾಕಿದರೆ ಬೇಳೆ ಮೆತ್ತಗಾಗುವುದು ನಿಜವೇ, ಆದರೆ ಬಿ1 ವಿಟಮಿನ್ ಹಾಳಾಗುತ್ತದೆ. ಅಪರೂಪಕ್ಕೆ ಸರಿ, ದಿನಾ ಬೇಡ.

ಕುಕ್ಕರ್ ಇಲ್ಲದೆ ಪಾತ್ರೆಯಲ್ಲಿ ಬೇಯಿಸುತ್ತಿದ್ದರೆ ಇನ್ನೊಂದು ಕಾರಣವೂ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲಿ. ಉಡುಪಿಯ 100ಕ್ಕೂ ಇದಕ್ಕೂ ಮೂರೇ ಡಿಗ್ರಿ ವ್ಯತ್ಯಾಸ, ಆದರೆ ಕಾಳು ಬೇಯಲು ಅದೂ ಸಾಕು ಸತಾಯಿಸುವುದಕ್ಕೆ.

ಒಳ್ಳೆಯ ಸಲಹೆಗಾರರನ್ನು ಗುರುತಿಸುವುದು ಹೇಗೆ ಅಂತ ಇಲ್ಲೇ ಹೇಳಿಬಿಡುತ್ತೇನೆ. ಅವರು ಉತ್ತರ ಕೊಡುವ ಮೊದಲು ನಿಮ್ಮನ್ನು ಏನಾದರೂ ಕೇಳುತ್ತಾರೆ. ನಮ್ಮ ಕೆಳಗಿನ ಮನೆಯಲ್ಲಿ ವಿಜಯಪುರದ ಕಡೆಯವರೊಬ್ಬರು ಇದ್ದರು. ನನ್ನ ಜೋಳದ ರೊಟ್ಟಿ ಅಂಚಲ್ಲಿ ಬಿರಿಯುತ್ತಿತ್ತು. ಎಲ್ಲರೂ "ಇನ್ನೂ ನಾದಬೇಕು" ಅಂದರು. ಈಯಮ್ಮ ಮಾತ್ರ "ಹಿಟ್ಟು ಯಾವಾಗ ಬೀಸಿಸಿದ್ರಿ?" ಅಂತ ಕೇಳಿದರು. ಪ್ಯಾಕೆಟ್ ಹಿಟ್ಟು ಅಂದೆ. ನಕ್ಕು, ಗಿರಣಿಯಿಂದ ಹೊಸ ಹಿಟ್ಟು ತಂದು ಕುದಿಯುವ ನೀರಲ್ಲಿ ಕಲಸಿ ತೋರಿಸಿದರು. ಜೋಳದಲ್ಲಿ ಗೋಧಿಯ ಹಾಗೆ ಎಳೆ ಬರುವ ಅಂಟು ಇರುವುದಿಲ್ಲ, ಬಿಸಿನೀರಿಗೆ ಹಿಟ್ಟು ಅರೆಬೆಂದು ಅಂಟಾಗಬೇಕು. ಹಳೆ ಹಿಟ್ಟು ಆ ಕೆಲಸ ಸರಿಯಾಗಿ ಮಾಡುವುದಿಲ್ಲ. ಅವರಿಗೆ ಪ್ರತಿಯಾಗಿ ನಾನು ಒಂದೆಲಗದ ತಂಬುಳಿ ಕಲಿಸಿದೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಇಂಥವರು ಒಬ್ಬರಾದರೂ ಇರುತ್ತಾರೆ. ಹುಡುಕಿ. ಒಂದು ಡಬ್ಬಿ ನೀರುದೋಸೆ ತೆಗೆದುಕೊಂಡು ಹೋದರೆ ಬೇಗ ಸಿಗುತ್ತಾರೆ.

ಹುಳದ ವಿಷಯ. ಇದಕ್ಕೆ ನಿಮ್ಮ ಮನೆ ಗಲೀಜು ಕಾರಣ ಅಂತ ಯಾರಾದರೂ ಅಂದರೆ ಸುಮ್ನೆ ಬಿಡಿ. ಬಹಳ ಸಲ ಮೊಟ್ಟೆಗಳು ಅಂಗಡಿಯಿಂದಲೇ ಬಂದಿರುತ್ತವೆ. ಅಕ್ಕಿಯಲ್ಲಿ ಕಾಣುವ ಮೂತಿ ಉದ್ದದ ಹುಳ ಅಕ್ಕಿ ಕಾಳಿಗೆ ತೂತು ಕೊರೆದು ಒಳಗೇ ಮೊಟ್ಟೆ ಇಟ್ಟು ಮುಚ್ಚುತ್ತದೆ. ಎಷ್ಟು ಆರಿಸಿದರೂ ಕಣ್ಣಿಗೆ ಬೀಳುವುದಿಲ್ಲ. ರವೆ, ಹಿಟ್ಟುಗಳಲ್ಲಿ ಬರುವ ಕಂದು ಹುಳ ಬೇರೆ. ಬೇವಿನ ಎಲೆ, ಲವಂಗ, ಒಣಮೆಣಸು ಇಡುವುದರಿಂದ ಹೊಸ ಹುಳ ಹತ್ತಿರ ಬರುವುದು ಸ್ವಲ್ಪ ಕಡಿಮೆಯಾಗಬಹುದು, ಒಳಗಿರುವ ಮೊಟ್ಟೆ ಸಾಯುವುದಿಲ್ಲ. ಅದಕ್ಕೆ ಚಳಿ ಅಥವಾ ಬಿಸಿ ಬೇಕು. ರವೆ ತಂದ ದಿನವೇ ಬಾಣಲೆಯಲ್ಲಿ ಘಮ ಬರುವ ತನಕ ಹುರಿದು, ಪೂರ್ತಿ ಆರಿಸಿ, ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ನೀರಾಡುತ್ತದೆ. ಮೈದಾ, ಕಡಲೆಹಿಟ್ಟಿನಂಥವನ್ನು ಪ್ಯಾಕೆಟ್ ಸಮೇತ ಫ್ರೀಜರಿನಲ್ಲಿ ನಾಲ್ಕು ದಿನ ಇಡಿ. ಮೊಟ್ಟೆಯೂ ಉಳಿಯುವುದಿಲ್ಲ. ಹೊರತೆಗೆದ ಮೇಲೆ ತಣ್ಣಗಿನದು ಬಿಡುವ ತನಕ ಪ್ಯಾಕೆಟ್ ಬಿಚ್ಚಬೇಡಿ, ಇಲ್ಲದಿದ್ದರೆ ಹಿಟ್ಟು ಪಸೆ ಎಳೆಯುತ್ತದೆ.

ಹೆಸರುಕಾಳು, ಅಲಸಂದೆಯಂಥ ಇಡೀ ಕಾಳಿಗೆ ಹಳ್ಳಿಯ ಉಪಾಯವೇ ಚೆನ್ನ. ಒಂದೆರಡು ಚಮಚ ಹರಳೆಣ್ಣೆ ಕೈಗೆ ಸವರಿಕೊಂಡು ಕಾಳಿಗೆ ತಿಕ್ಕಿಡುವುದು. ಕಾಳಿನ ಹುಳ ಮೊಟ್ಟೆ ಇಡುವುದು ಕಾಳಿನ ಹೊರಮೈ ಮೇಲೆ, ಎಣ್ಣೆಯ ಪದರ ಅದನ್ನು ಬದುಕಲು ಬಿಡುವುದಿಲ್ಲ. ಬಯಲುಸೀಮೆಯಲ್ಲಿ ಕೆಮ್ಮಣ್ಣು ಕಟ್ಟಿ ಒಣಗಿಸಿಡುತ್ತಾರೆ. ನಿಮಗೆ ಬಾಲ್ಕನಿಯಲ್ಲಿ ಅದೆಲ್ಲ ಆಗದ ಮಾತು. ಬೆಂಗಳೂರಲ್ಲಿ ಬೀದಿಗೊಂದು ಅಂಗಡಿ ಇದೆ, ತಿಂಗಳಿಗೆ ಸಾಕಾಗುವಷ್ಟೇ ತನ್ನಿ. ಊರಿನ ಮಳೆಗಾಲದ ಹಾಗೆ ಕೂಡಿಡುವ ಅಭ್ಯಾಸ ಇಲ್ಲಿ ಬೇಕಾಗಿಲ್ಲ.

ಒಂದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಯಾರಾದರೂ ಅಕ್ಕಿ ಮೂಟೆಯಲ್ಲಿ ಗೋದಾಮಿನ ಗುಳಿಗೆ ಇಡಿ ಅಂದರೆ ಕೇಳಲೇಬೇಡಿ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ಪಸೆ ತಾಗಿದರೆ ಸಾಕು, ಅದರಿಂದ ಬರುವ ಫಾಸ್ಫೀನ್ ಅನಿಲ ಮುಚ್ಚಿದ ಮನೆಯಲ್ಲಿ ಜನರ ಪ್ರಾಣ ತೆಗೆಯುತ್ತದೆ. ಬೋರಿಕ್ ಪುಡಿ ಬೆರೆಸುವುದೂ ಬೇಡ. ಅಕ್ಕಿ ತಿನ್ನುವ ವಸ್ತು.

ನಲ್ಲಿಯ ಬಿಳಿ ಕರೆ ಅದೇ ಗಡಸು ನೀರಿನ ಸುಣ್ಣ. ಸುಣ್ಣಕ್ಕೆ ಹುಳಿಯೇ ಮದ್ದು. ಬಟ್ಟೆಯನ್ನು ವಿನೆಗರ್‌ನಲ್ಲಿ ಅದ್ದಿ ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಡಿ, ಆಮೇಲೆ ಉಜ್ಜಿ ತೊಳೆಯಿರಿ. ಹಿಂಡಿದ ನಿಂಬೆ ಹೋಳೂ ಆಗುತ್ತದೆ. ವಿನೆಗರಿಗೆ ಸೋಡಾ ಬೆರೆಸಿ ಅಂತ ಹೇಳುವವರಿದ್ದಾರೆ. ಬುರುಬುರು ನೊರೆ ಬರುತ್ತದೆ, ನೋಡಲು ಚೆಂದ. ಆದರೆ ಒಂದು ಇನ್ನೊಂದರ ಶಕ್ತಿ ತಿಂದುಹಾಕಿ ಕೊನೆಗೆ ಉಳಿಯುವುದು ಬರೀ ಉಪ್ಪಿನ ನೀರಿನಂಥದ್ದು. ಅಮೃತಶಿಲೆ, ಕಡಪ ಕಲ್ಲಿನ ಮೇಲೆ ಹುಳಿ ಬೀಳಿಸಬೇಡಿ, ಅವೂ ಸುಣ್ಣದ ಜಾತಿಯ ಕಲ್ಲೇ, ಹೊಳಪು ಹೋಗುತ್ತದೆ. ಬಾಡಿಗೆ ಮನೆ ಬೇರೆ. ಹುಳಿಯನ್ನೂ ಟಾಯ್ಲೆಟ್ ಆಸಿಡ್ಡನ್ನೂ ಬ್ಲೀಚಿನ ಜೊತೆ ಎಂದೂ ಸೇರಿಸಬೇಡಿ, ಕ್ಲೋರಿನ್ ಅನಿಲ ಬರುತ್ತದೆ. ಗೀಸರಿನ ಕಾಯಿಲಿಗೂ ಇದೇ ಸುಣ್ಣ ಕಟ್ಟುತ್ತದೆ. ನೀರು ಬಿಸಿಯಾಗಲು ಹೊತ್ತು ಜಾಸ್ತಿ ಹಿಡಿಯುತ್ತಿದ್ದರೆ ಮನೆ ಮಾಲೀಕರಿಗೆ ಈಗಲೇ ಹೇಳಿ, ಖಾಲಿ ಮಾಡುವಾಗ ನಿಮ್ಮ ತಲೆಗೆ ಬರಬಾರದು.

ಅಕ್ಕನ ಮಾತಿಗೆ ಬೇಜಾರು ಮಾಡಿಕೊಳ್ಳಬೇಡಿ. ಅವರನ್ನು ಒಂದು ಭಾನುವಾರ ಕರೆಸಿ, ನಿಮ್ಮ ಅಡುಗೆಮನೆಯಲ್ಲಿ ನಿಮ್ಮ ನಲ್ಲಿ ನೀರಲ್ಲೇ ಒಂದು ಹೊತ್ತು ಸಾರು ಮಾಡಲು ಹೇಳಿ. ಬೇಳೆ ಬೇಯದಿದ್ದರೆ ಏನನ್ನುತ್ತಾರೋ ನೋಡೋಣ. ಮತ್ತೆ, ದಿನಾ ಮೂರು ಹೊತ್ತು ಕೆಲಸದ ನಡುವೆ ಒಲೆ ಮುಂದೆ ನಿಲ್ಲುತ್ತಿದ್ದೀರಿ, ಕೆಟ್ಟರೂ ಬಿಡದೆ ಮಾಡುತ್ತಿದ್ದೀರಿ. ಅಡುಗೆ ಒಲಿಯುವುದು ಅಂಥವರಿಗೇ. ನಿಮ್ಮ ಹೆಂಡತಿ ಇದನ್ನು ನಿಮಗೆ ಹೇಳಿರುತ್ತಾರೆ ಅಂದುಕೊಂಡಿದ್ದೇನೆ.

ಎರಡು ವಿಷಯ ತಿಳಿಸಿ, ಇನ್ನೂ ಸರಿಯಾಗಿ ಹೇಳಬಹುದು. ನಿಮ್ಮ ಕಟ್ಟಡಕ್ಕೆ ಬರುವುದು ಬೋರ್ ನೀರೋ, ಟ್ಯಾಂಕರೋ, ಕಾವೇರಿಯೋ? ಹೊರವಲಯದ 110 ಹಳ್ಳಿಗಳಿಗೆ ನೀರು ಕೊಡುವ ಕಾವೇರಿ 5ನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಗಿದೆ, ನಿಮ್ಮ ಬೀದಿಗೆ ಸಂಪರ್ಕ ಕೊಟ್ಟಿದ್ದಾರಾ ಅಂತ ಅಸೋಸಿಯೇಷನ್‌ನವರನ್ನು ಕೇಳಿ. ಇನ್ನೊಂದು, ಇಡ್ಲಿಗೆ ನೀವು ಹಾಕುತ್ತಿರುವುದು ಇಡೀ ಉದ್ದೋ, ಒಡೆದ ಬೇಳೆಯೋ?