ಊರಿನ ಮನೆಗೆ ಸಿಸಿಟಿವಿ, ಸ್ಮಾರ್ಟ್ ಲಾಕ್ ಹಾಕಿಸಬೇಕು. ಹ್ಯಾಕ್ ಆಗದ ಕಂಪನಿ ಯಾವುದು?

ನೀವು ದೋಹಾದಲ್ಲಿ, ಅಪ್ಪ ಅಮ್ಮ ಇಬ್ಬರೇ ಕಾಪುವಿನ ಮನೆಯಲ್ಲಿ, ನಾಲ್ಕು ಕ್ಯಾಮೆರಾ, ಒಂದು ಲಾಕ್. ಊರಿನ ಹೆಸರು ಬದಲಿಸಿದರೆ 2017ರ ನಾನೇ. ನಾನು ಮಸ್ಕತ್‌ನಲ್ಲಿದ್ದೆ, ಅಮ್ಮ ಶಂಕರಪುರದಲ್ಲಿ ಒಬ್ಬರೇ.

ಹೌದು, ಮಲ್ಲಿಗೆಯ ಶಂಕರಪುರವೇ. ನಮಗೂ ಗಿಡಗಳಿವೆ. ಬೆಳಿಗ್ಗೆ ಅಮ್ಮ ಮತ್ತು ಪಕ್ಕದ ಮನೆಯ ಇಬ್ಬರು ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಹೂ ಕಟ್ಟುತ್ತಾರೆ. ನಾಲ್ಕು ಚೆಂಡಾದರೆ ಒಂದು ಅಟ್ಟೆ. ನನ್ನ ನಾಲ್ಕು ಕ್ಯಾಮೆರಾಗಳಲ್ಲಿ ಒಂದು ಆ ಜಗಲಿಯನ್ನೇ ನೋಡುತ್ತಿತ್ತು.

ಹಾಕಲು ಬಂದ ಹುಡುಗ ಡಿವಿಆರ್‌ಗೆ, ಅಂದರೆ ಕ್ಯಾಮೆರಾಗಳ ಚಿತ್ರ ಉಳಿಸಿಡುವ ಪೆಟ್ಟಿಗೆಗೆ, ಅಡ್ಮಿನ್, 123456 ಅಂತ ಇಟ್ಟ. "ಮರೆತು ಹೋಗಲ್ಲ ಅಲ್ವಾ ಅಣ್ಣ" ಅಂದ. ನಾನೂ ಹೌದು ಅಂದೆ. ಆದರೆ ನನ್ನನ್ನು ಮುಳುಗಿಸಿದ್ದು ಆ ಪಾಸ್‌ವರ್ಡ್ ಒಂದೇ ಅಲ್ಲ. ಅದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಜಾರು ಮಾಡಬೇಡಿ.

ರಜೆ ಮುಗಿಯಲು ಎರಡು ದಿನ ಇತ್ತು. ಮನೆಯ ವೈಫೈನಲ್ಲಿ ಕ್ಯಾಮೆರಾ ಕಾಣುತ್ತಿತ್ತು, ಗೇಟು ದಾಟಿದರೆ ಇಲ್ಲ. ಹೊರಗಿನಿಂದ ನೋಡಬೇಕಾದರೆ ರೂಟರ್‌ನಲ್ಲಿ ಆ ಡಿವಿಆರ್‌ಗೆ ಒಂದೆರಡು ಪೋರ್ಟ್, ಅಂದರೆ ನೆಟ್‌ನಿಂದ ಒಳಗೆ ಬರುವ ಬಾಗಿಲು, ತೆರೆಯಬೇಕು ಅಂತ ಓದಿದೆ. ತೆರೆದೆ, ಆಗಲಿಲ್ಲ. ತಿಂಗಳಿಗೆ ಜಾಸ್ತಿ ದುಡ್ಡು ಕಟ್ಟಿ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ನೆಟ್ ವಿಳಾಸ, ತೆಗೆದುಕೊಂಡೆ, ಆಗಲೂ ಆಗಲಿಲ್ಲ. ರಾತ್ರಿ ಹನ್ನೊಂದಕ್ಕೆ ರೂಟರ್‌ನ ಪುಟದಲ್ಲಿ ಡಿಎಂಜೆಡ್ ಅನ್ನುವ ಒಂದು ಡಬ್ಬಿ ಕಣ್ಣಿಗೆ ಬಿತ್ತು. ಅದರಲ್ಲಿ ಡಿವಿಆರ್‌ನ ವಿಳಾಸ ಬರೆದು ಸೇವ್ ಒತ್ತಿದೆ. ಮೊಬೈಲ್‌ನಲ್ಲಿ ಅಂಗಳ ಕಂಡಿತು! ನನ್ನಷ್ಟು ಬುದ್ಧಿವಂತ ಇನ್ನೊಬ್ಬ ಇಲ್ಲ ಅಂದುಕೊಂಡು ಮಲಗಿದೆ.

ಡಿಎಂಜೆಡ್ ಅಂದರೆ ಏನು ಗೊತ್ತಾ? ಹೊರಗಿನಿಂದ ಯಾರು ಯಾವ ಪೋರ್ಟ್ ತಟ್ಟಿದರೂ ನೇರ ಆ ಒಂದು ಉಪಕರಣಕ್ಕೆ ಕಳಿಸು ಅಂತ ರೂಟರ್‌ಗೆ ಹೇಳುವುದು. ನನಗೆ ಬೇಕಿದ್ದದ್ದು ಒಂದು ಕಿಟಕಿ. ನಾನು ದಣಪೆಯ ಗಳ ಎಲ್ಲ ಸರಿಸಿಟ್ಟು ಮಸ್ಕತ್‌ಗೆ ವಿಮಾನ ಹತ್ತಿದ್ದೆ. ಚಿತ್ರ ತೋರಿಸುವ ಪೋರ್ಟ್ ಅಷ್ಟೇ ಅಲ್ಲ, ಟೆಲ್‌ನೆಟ್ ಅನ್ನುವುದರ 23ನೇ ಪೋರ್ಟ್ ಕೂಡ ತೆರೆದಿತ್ತು. ಅದು ಉಪಕರಣದ ಹೊಟ್ಟೆಯೊಳಗೆ ಕೂತು ಆಜ್ಞೆ ಕೊಡುವ ದಾರಿ. ಅದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಕೆಲವು ತಿಂಗಳಲ್ಲಿ ಮನೆಯ ನೆಟ್ ಕೆಟ್ಟಿತು. ವಿಡಿಯೋ ಕಾಲ್ ಮಾಡಿದರೆ ಅಮ್ಮನ ಮುಖ ಬಾಯಿ ತೆರೆದಲ್ಲೇ ನಿಲ್ಲುತ್ತಿತ್ತು. ಆಗ ತಾಮ್ರದ ತಂತಿಯ ಬ್ರಾಡ್‌ಬ್ಯಾಂಡ್. ಮಳೆಗಾಲ, ಲೈನಿಗೆ ನೀರು ಹೋಗಿರಬೇಕು ಅಂದುಕೊಂಡೆವು. ಲೈನ್‌ಮ್ಯಾನ್ ಎರಡು ಸಲ ಬಂದು ಹೋದರು, ಮೂರನೇ ಸಲ ನಾನು ಫೋನ್‌ನಲ್ಲಿ ಅವರಿಗೆ ಬೈದೆ. ಪಾಪ, ಲೈನ್ ಸರಿಯಾಗಿಯೇ ಇತ್ತು.

ಸುಳಿವು ಕೊಟ್ಟದ್ದು ಅಮ್ಮ. ಅಕ್ಟೋಬರ್‌ನಲ್ಲಿ ಸಂಜೆ ಸಂಜೆ ಗುಡುಗು. ನಮ್ಮ ಕಡೆಯವರಿಗೆ ಗೊತ್ತಲ್ಲ, ಮೋಡ ಕಪ್ಪಾದರೆ ಎಲ್ಲ ಪ್ಲಗ್ ಕೀಳುತ್ತೇವೆ. ಒಂದು ದಿನ ಅಮ್ಮ ಹೇಳಿದರು, "ಗುಡುಗು ಬಂದ ದಿನ ಮಾತ್ರ ನಿನ್ನ ಮುಖ ಚಂದ ಕಾಣ್ತದೆ ಮಾರಾಯ." ನಾನು ನಕ್ಕುಬಿಟ್ಟೆ. ನಗಬಾರದಿತ್ತು.

ದೀಪಾವಳಿಗೆ ಮನೆಗೆ ಬಂದ ದೊಡ್ಡಮ್ಮನ ಮಗ ನಗಲಿಲ್ಲ. ಅವನು ಮಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸದಲ್ಲಿರುವವನು. ಡಿವಿಆರ್‌ನ ಹಿಂದಿನ ನೆಟ್ ಕೇಬಲ್ ಒಂದನ್ನು ಎಳೆದ. ನೆಟ್ ಓಡಿತು. ಮತ್ತೆ ಚುಚ್ಚಿದ, ಸ್ವಲ್ಪ ಹೊತ್ತಿಗೆ ನಿಂತಿತು. ನಮ್ಮ ಕ್ಯಾಮೆರಾ ಪೆಟ್ಟಿಗೆ ಜಗತ್ತಿನ ಯಾರಿಗೋ ಕೂಲಿ ಮಾಡುತ್ತಿತ್ತು, ಗುರುತಿಲ್ಲದ ವಿಳಾಸಗಳಿಗೆ ಹಗಲೂ ರಾತ್ರಿ ಡೇಟಾ ಎಸೆಯುತ್ತಿತ್ತು.

ಅದಕ್ಕೂ ಒಂದು ವರ್ಷ ಹಿಂದೆ, 2016ರಲ್ಲಿ, ಮಿರಾಯ್ ಅನ್ನುವ ಮಾಲ್‌ವೇರ್, ಅಂದರೆ ಕೇಡು ಮಾಡುವ ಸಾಫ್ಟ್‌ವೇರ್, ಹೀಗೇ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್, ರೂಟರ್ ಹಿಡಿದಿತ್ತು. ಅದರ ಹತ್ತಿರ ಇದ್ದ ಬೀಗದ ಕೈ ಗೊಂಚಲು ಬರೀ 60 ಚಿಲ್ಲರೆ ಯೂಸರ್‌ನೇಮ್, ಪಾಸ್‌ವರ್ಡ್ ಜೋಡಿ, ಎಲ್ಲ ಕಾರ್ಖಾನೆಯಲ್ಲೇ ಇಟ್ಟವು. ಅಕ್ಟೋಬರ್ 21ರಂದು ಇಂಥ ಉಪಕರಣಗಳೇ ಸೇರಿ ವೆಬ್‌ಸೈಟ್‌ಗಳ ಹೆಸರಿಗೆ ನೆಟ್ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ಬಿದ್ದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ತಡವರಿಸಿದ್ದವು. ಬರೆದವರು ಮೂವರು ಎಳೆ ಹುಡುಗರು, ಮೈನ್‌ಕ್ರಾಫ್ಟ್ ಆಟದ ಸರ್ವರ್‌ಗಳ ಜಗಳದಿಂದ ಶುರುವಾದದ್ದಂತೆ. ಅವರು ಅದರ ಕೋಡ್ ಅನ್ನೇ ನೆಟ್‌ಗೆ ಬಿಟ್ಟದ್ದರಿಂದ ಅದರ ತಮ್ಮಂದಿರು ಬೇಕಾದಷ್ಟು ಹುಟ್ಟಿದರು. ನಮ್ಮ ಮನೆಗೆ ಬಂದದ್ದು ಯಾವುದೋ, ನಡತೆ ಮಾತ್ರ ಅದರದ್ದೇ. ಆ ಜಾತಿಯದ್ದು ಡಿಸ್ಕ್‌ನಲ್ಲಿ ಉಳಿಯುವುದಿಲ್ಲ, ಮೆಮೊರಿಯಲ್ಲಿ ಮಾತ್ರ. ಕರೆಂಟ್ ತೆಗೆದರೆ ಸತ್ತಿತು. ಮತ್ತೆ ಹಾಕಿದರೆ, ಬಾಗಿಲು ತೆರೆದೇ ಇದೆಯಲ್ಲ, ಸ್ವಲ್ಪ ಹೊತ್ತಲ್ಲೇ ಇನ್ನೊಂದು ಬಂದು ಕೂರುತ್ತದೆ. ಅಮ್ಮನ ಗುಡುಗಿನ ಲೆಕ್ಕ ಸರಿಯಾಗಿತ್ತು.

ಪಾಸ್‌ವರ್ಡ್ ಬದಲಿಸಿದೆ. ಮರುದಿನ ಮತ್ತೆ ಅದೇ ಕಥೆ. ಆ ಕಾಲದ ಅಗ್ಗದ ಎಷ್ಟೋ ಡಿವಿಆರ್‌ಗಳಲ್ಲಿ ಟೆಲ್‌ನೆಟ್‌ನ ಪಾಸ್‌ವರ್ಡ್ ಬೇರೆಯೇ, ಸಾಫ್ಟ್‌ವೇರ್ ಒಳಗೇ ಹೊಲಿದಿಟ್ಟದ್ದು. ಪರದೆಯಲ್ಲಿ ನೀವು ಏನೇ ಬದಲಿಸಿ, ಅದಕ್ಕೆ ತಾಗುವುದಿಲ್ಲ. ಡಿಎಂಜೆಡ್ ಅಳಿಸಿದ ಮೇಲೆ ನಿಂತಿತು.

ಡಿವಿಆರ್‌ನ ಲಾಗ್, ಅಂದರೆ ಯಾರು ಯಾವಾಗ ಒಳಗೆ ಬಂದರು ಅನ್ನುವ ದಾಖಲೆ, ತೆಗೆದಾಗ ಇನ್ನೊಂದು ಕಂಡಿತು. ನಮ್ಮದಲ್ಲದ ವಿಳಾಸಗಳಿಂದ 123456 ಹಾಕಿ ಯಾರೋ ಒಳಗೆ ಬಂದು ಹೋಗಿದ್ದರು. ಅದು ಮಾಲ್‌ವೇರ್ ಅಲ್ಲ, ನೋಡಲು ಬಂದವರು. ಇದನ್ನು ಅಮ್ಮನಿಗೆ ಹೇಳಲು ನನಗೆ ಒಂದು ವರ್ಷ ಬೇಕಾಯಿತು. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಷ್ಟು ದಿನ ನೋಡಿದ್ದಾರಲ್ಲ, ಹೂ ಕಟ್ಟಲಿಕ್ಕೆ ಬಂತಂತಾ?" ಅಂದರು. ಜಗಲಿಯ ಕ್ಯಾಮೆರಾ ಅವತ್ತೇ ಬಿಚ್ಚಿಸಿದೆ.

ಅದಕ್ಕೇ ನೀವು ಕೇಳಿದ 'ಯಾವ ಕಂಪನಿ' ಅನ್ನುವ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ನನ್ನ ಪೆಟ್ಟಿಗೆ ಅಗ್ಗದ್ದು ನಿಜ. ಆದರೆ ರೂಟರ್‌ನ ಹಿಂದೆ ತೆಪ್ಪಗೆ ಇದ್ದಿದ್ದರೆ ಅದನ್ನು ಹೊರಗಿನವರು ತಟ್ಟಲು ಆಗುತ್ತಿರಲಿಲ್ಲ. 2025ರ ಏಪ್ರಿಲ್‌ನಿಂದ ನಮ್ಮಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ ಆಗಿದೆ, ಬಿಲ್ ಕೊಡುವ ಅಂಗಡಿಯಲ್ಲಿ ಅಂಥದ್ದೇ ಕೇಳಿ ತಗೊಳ್ಳಿ. ಆ ಮಾತು ಅಲ್ಲಿಗೆ ಮುಗಿಯಿತು.

ನೀವು ಕೇಳಬೇಕಾದದ್ದು, ದೋಹಾದಿಂದ ಕ್ಯಾಮೆರಾ ನೋಡುವ ಆ್ಯಪ್‌ನ ಅಕೌಂಟ್ ಯಾರ ಹೆಸರಲ್ಲಿ ಅಂತ. ನಮ್ಮ ಕಡೆ ಹಾಕುವ ಹುಡುಗರು ಸುಲಭಕ್ಕೆ ತಮ್ಮದೇ ಮೊಬೈಲ್ ನಂಬರ್ ಕೊಟ್ಟು ಶುರು ಮಾಡಿಬಿಡುತ್ತಾರೆ. ಕೆಟ್ಟ ಮನಸ್ಸಿನಿಂದ ಅಲ್ಲ. ಆದರೆ ನಿಮ್ಮ ಮನೆಯ ಬೀಗದ ಕೈ ಅವರ ಕಿಸೆಯಲ್ಲಿ ಉಳಿಯುತ್ತದೆ. ನಿಮ್ಮ ನಂಬರ್, ನಿಮ್ಮ ಇಮೇಲ್, ಓಟಿಪಿ ನಿಮಗೆ ಬರಬೇಕು. ಕ್ಯಾಮೆರಾಗಳನ್ನು ರೂಟರ್‌ನ ಗೆಸ್ಟ್ ವೈಫೈಗೆ ಹಾಕಿಸಿ, ಅಪ್ಪನ ಬ್ಯಾಂಕ್ ಆ್ಯಪ್ ಇರುವ ಫೋನ್ ಬೇರೆ ವೈಫೈನಲ್ಲಿರಲಿ. ಡಿಎಂಜೆಡ್ ಖಾಲಿ ಇದೆಯಾ ನೋಡಿ. ಯುಪಿಎನ್‌ಪಿ ಆಫ್ ಮಾಡಿ, ಅದು ಉಪಕರಣಗಳು ನಿಮ್ಮನ್ನು ಕೇಳದೆ ತಾವೇ ಪೋರ್ಟ್ ತೆರೆದುಕೊಳ್ಳುವ ವ್ಯವಸ್ಥೆ. ಮನೆಯೊಳಗೆ ಕ್ಯಾಮೆರಾ ಬೇಡ.

ಸ್ಮಾರ್ಟ್ ಲಾಕ್ ಬೇಡವೇ ಬೇಡ. ಸಮುದ್ರದ ಉಪ್ಪುಗಾಳಿಗೆ ಗೇಟಿನ ಚಿಲಕವೇ ನಿಲ್ಲುವುದಿಲ್ಲ. ರಾತ್ರಿ ಅಪ್ಪನಿಗೆ ಎದೆನೋವು ಬಂದರೆ ಪಕ್ಕದ ಮನೆಯವರು ಒಳಗೆ ಬರಬೇಕೋ, ನಿಮಗೆ ದೋಹಾಕ್ಕೆ ಫೋನ್ ಮಾಡಿ ಕಾಯಬೇಕೋ? ಅವರ ಹತ್ತಿರ ಒಂದು ಬೀಗದ ಕೈ ಕೊಟ್ಟಿಡಿ.

ಡಿಎಂಜೆಡ್ ಎಲ್ಲಿದೆ ಸಿಗದಿದ್ದರೆ ರೂಟರ್‌ನ ಮಾಡೆಲ್ ಹೆಸರು ಇಲ್ಲಿ ಬರೆಯಿರಿ, ಹೇಳುತ್ತೇನೆ. ರೂಟರ್‌ನ ಅಡಿಯಲ್ಲಿರುವ ಸ್ಟಿಕ್ಕರ್‌ನ ಫೋಟೋ ಮಾತ್ರ ಹಾಕಬೇಡಿ, ಪಾಸ್‌ವರ್ಡ್ ಅದರಲ್ಲೇ ಇರುತ್ತದೆ.