ಆಟವಾಡದ ಅಡ್ಮಿನ್: ಒಂದು ಆಪ್ತಸಲಹೆ ಪ್ರಕರಣ

ಮಧ್ಯ ಕರ್ನಾಟಕದ ಒಂದು ಜಿಲ್ಲಾಕೇಂದ್ರದಲ್ಲಿ ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವ, ಮೂವತ್ತರ ಹೊಸ್ತಿಲಲ್ಲಿರುವ ಅವಿವಾಹಿತ ಯುವಕನನ್ನು ಆತನ ತಾಯಿ ಮತ್ತು ಅಕ್ಕ ನನ್ನ ಬಳಿ ಕರೆತಂದಿದ್ದರು. ಗುರುತು ಹತ್ತಬಹುದಾದ ವಿವರಗಳನ್ನೆಲ್ಲ ಇಲ್ಲಿ ಬದಲಿಸಿದ್ದೇನೆ. ರಾತ್ರಿ ಎರಡಾದರೂ ಮೊಬೈಲ್ ಕೆಳಗಿಡುವುದಿಲ್ಲ, ಮದುವೆಯ ಮಾತು ತೆಗೆದರೆ ಸಿಡುಕುತ್ತಾನೆ, ಊಟದ ನಡುವೆಯೂ ಎದ್ದು ಹೋಗುತ್ತಾನೆ, ಇವನಿಗೆ ಗೇಮ್ ಚಟ ಹಿಡಿದಿದೆ ಎಂಬುದು ತಾಯಿಯ ದೂರು. ಅಷ್ಟು ಹೊತ್ತೂ ತಲೆ ತಗ್ಗಿಸಿ ಕುಳಿತಿದ್ದ ಯುವಕ, ಅವರಿಬ್ಬರೂ ಹೊರಗೆ ಹೋದ ಮೇಲೆ ಹೇಳಿದ ಮೊದಲ ಮಾತು ಇದು: “ನಾನು ಆಟ ಆಡಿ ವರ್ಷವೇ ಆಯಿತು ಮೇಡಂ. ಆಡುವ ಹುಡುಗರನ್ನು ನೋಡಿಕೊಳ್ಳುತ್ತಿದ್ದೇನೆ.”

ಆತ ಪಬ್‌ಜಿ ಮೊಬೈಲ್ ಎಂಬ ಆನ್‌ಲೈನ್ ಗುಂಡಿನ ಕಾಳಗದ ಆಟ ಆಡುವ ಕನ್ನಡದ ಹುಡುಗರಿಗಾಗಿ 2018ರಲ್ಲಿ ಒಂದು ಚಿಕ್ಕ ಜಾಲತಾಣ ಮತ್ತು ಚರ್ಚಾ ವೇದಿಕೆಯನ್ನು ತೆರೆದಿದ್ದ. ಕೆಲ ಕಾಲದ ನಂತರ ಅದರ ಜೊತೆಗೆ ಡಿಸ್ಕಾರ್ಡ್ ಎಂಬ ಗುಂಪು ಹರಟೆಯ ಆ್ಯಪ್‌ನಲ್ಲಿ ಸರ್ವರ್ ಒಂದನ್ನೂ, ಅಂದರೆ ಸದಸ್ಯರ ಗುಂಪೊಂದನ್ನೂ, ಆರಂಭಿಸಿದ. ಹೋಸ್ಟಿಂಗ್ (ತಾಣವನ್ನಿಡುವ ಸರ್ವರಿನ ಬಾಡಿಗೆ) ಮತ್ತು ಡೊಮೈನ್ (ತಾಣದ ಹೆಸರು) ಖರ್ಚು ಅವನ ಸಂಬಳದಿಂದಲೇ. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪಬ್‌ಜಿಯನ್ನು ನಿಷೇಧಿಸಿದಾಗ ವೇದಿಕೆ ಮುಚ್ಚಿಹೋಗುತ್ತದೆ ಎಂದೇ ಅವನು ಭಾವಿಸಿದ್ದ. ಆದದ್ದು ಬೇರೆ. ಶಾಲೆ, ಕಾಲೇಜುಗಳು ಮುಚ್ಚಿ ಮನೆಯಲ್ಲೇ ಕುಳಿತಿದ್ದ ಹುಡುಗರು ಆಟವಿಲ್ಲದಿದ್ದರೂ ಬರುತ್ತಲೇ ಇದ್ದರು. ಪರೀಕ್ಷೆ, ಅಪ್ಪನ ಕೆಲಸ ಹೋದದ್ದು, ಮನೆಯ ಜಗಳ ಎಲ್ಲವೂ ಅಲ್ಲಿಯೇ ಮಾತಾಗತೊಡಗಿದವು. 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು, 2022ರ ಜುಲೈನಲ್ಲಿ ಆ್ಯಪ್ ಸ್ಟೋರ್‌ಗಳಿಂದ ಕಾಣೆಯಾಯಿತು, 2023ರ ಮೇ ತಿಂಗಳಲ್ಲಿ ಮರಳಿತು. ಪ್ರತಿ ಸಲ ಆಟ ಹೋದಾಗಲೂ ಕಳ್ಳದಾರಿಯ ಇನ್‌ಸ್ಟಾಲ್ ಫೈಲುಗಳ ಕೊಂಡಿಗಳು ವೇದಿಕೆಗೆ ಸುರಿಯುತ್ತಿದ್ದವು, ಅವುಗಳಲ್ಲಿ ಕುತಂತ್ರಾಂಶ ಇರಬಹುದೆಂಬ ಭಯದಿಂದ ಆತ ಒಂದೊಂದನ್ನೂ ಕೂತು ಅಳಿಸುತ್ತಿದ್ದ. ಹವ್ಯಾಸವಾಗಿ ಆರಂಭವಾದದ್ದು ಹೀಗೆ, ಯಾರೂ ನೇಮಿಸದ ಒಂದು ಕಾವಲು ಕೆಲಸವಾಗಿ ಬೆಳೆಯಿತು.

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೇ ಆವೃತ್ತಿ, 2022ರ ಜನವರಿಯಿಂದ ಜಾರಿಯಲ್ಲಿರುವುದು, ಗೇಮಿಂಗ್ ಡಿಸಾರ್ಡರ್ ಎಂದು ಗುರುತಿಸಲು ಮೂರು ಲಕ್ಷಣಗಳನ್ನು ಹೇಳುತ್ತದೆ: ಆಟದ ಮೇಲೆ ಹಿಡಿತ ತಪ್ಪುವುದು, ಬದುಕಿನ ಉಳಿದೆಲ್ಲದಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿಯಾಗುತ್ತಿದೆ ಎಂದು ಗೊತ್ತಿದ್ದೂ ಮುಂದುವರಿಸುವುದು, ಇವು ಸಾಮಾನ್ಯವಾಗಿ ಹನ್ನೆರಡು ತಿಂಗಳಷ್ಟು ಕಾಲ ಕಂಡಿರಬೇಕು. ಆಟವನ್ನೇ ಆಡದ ಈತನಿಗೆ ಆ ಹೆಸರು ಹೊಂದುವುದಿಲ್ಲ. ಹಾಗೆಂದು ತಾಯಿ ಕಂಡದ್ದು ಸುಳ್ಳಲ್ಲ. ನಿದ್ದೆ ಕೆಟ್ಟಿತ್ತು, ತೂಕ ಇಳಿದಿತ್ತು, ಕಚೇರಿಯಲ್ಲಿ ತಪ್ಪುಗಳಾಗಿದ್ದವು. ಚಟ ಎಂಬ ಪದವನ್ನು ಕುಟುಂಬದವರು ಬೇಗ ಹಿಡಿದುಕೊಳ್ಳುತ್ತಾರೆ, ಏಕೆಂದರೆ ಅದಕ್ಕೆ ಮೊಬೈಲ್ ಕಸಿದುಕೊಳ್ಳುವುದು ಎಂಬ ಸುಲಭ ಪರಿಹಾರ ಕಣ್ಣೆದುರೇ ಇರುತ್ತದೆ. ಈ ಪ್ರಕರಣದಲ್ಲಿ ಹಾಗೆ ಮಾಡಿದ್ದರೆ ಅನಾಹುತವಾಗುತ್ತಿತ್ತೆಂದು ನಾನು ಈಗಲೂ ನಂಬುತ್ತೇನೆ.

ಎರಡನೇ ಭೇಟಿಗೆ ಆತ ಒಂದು ದಪ್ಪ ಲೆಡ್ಜರ್ ಪುಸ್ತಕ ತಂದ. ಲೆಕ್ಕಪತ್ರದವನ ಕೈಬರಹ, ಸ್ಕೇಲಿಟ್ಟು ಎಳೆದ ಅಂಕಣಗಳು: ಸದಸ್ಯನ ಅಡ್ಡಹೆಸರು, ತಪ್ಪು, ಎಚ್ಚರಿಕೆ ಕೊಟ್ಟ ದಿನ, ಬ್ಯಾನ್‌ನ (ವೇದಿಕೆಯಿಂದ ಹೊರಗಿಟ್ಟ) ಅವಧಿ, ಮರಳಿ ಸೇರಿಸಿದ ದಿನ, ಕಾರಣ. ಒಂದು ಸಾಲಿನಲ್ಲಿ ಹೀಗಿತ್ತು: “ಇನ್ನೊಬ್ಬನ ತಂಗಿಯ ಬಗ್ಗೆ ಕೆಟ್ಟದಾಗಿ ಬೈದ. ಎರಡು ದಿನ. ತಾನಾಗಿಯೇ ಕ್ಷಮೆ ಕೇಳಿದ್ದರಿಂದ ಒಂದು ದಿನಕ್ಕೆ ಇಳಿಸಿದೆ.” ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲದ ಮನುಷ್ಯ, ಅನ್ಯಾಯವಾಗಬಾರದೆಂದು ಪುಟಗಟ್ಟಲೆ ಹೀಗೆ ಬರೆದಿಟ್ಟಿದ್ದ. ನಮೂದುಗಳ ಪಕ್ಕದಲ್ಲಿ ಸಮಯವನ್ನೂ ಬರೆಯುತ್ತಿದ್ದ. ಹೆಚ್ಚಿನವು ಮಧ್ಯರಾತ್ರಿಯ ನಂತರದವು. ಬೈಗುಳ ಹತ್ತಿಕೊಳ್ಳುವುದೇ ಆ ಹೊತ್ತಿಗೆ, ಆಗ ಎಚ್ಚರವಿರುತ್ತಿದ್ದವನು ಅವನೊಬ್ಬನೇ.

ಆ ಪುಸ್ತಕದಲ್ಲಿ ಒಂದು ಪುಟ ಖಾಲಿಯಿತ್ತು. ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು ಹೇಳಿದ: ಒಂದು ರಾತ್ರಿ ಪಿಯುಸಿ ಓದುವ ಸದಸ್ಯನೊಬ್ಬ ತನಗೆ ಬದುಕಿರಲು ಇಷ್ಟವಿಲ್ಲವೆಂದು ಖಾಸಗಿ ಸಂದೇಶ ಕಳಿಸಿದ್ದ. ಹುಡುಗನ ನಿಜ ಹೆಸರಾಗಲಿ ಊರಾಗಲಿ ಗೊತ್ತಿರಲಿಲ್ಲ. ಬೆಳಕು ಹರಿಯುವವರೆಗೂ ಒಂದೊಂದೇ ಸಂದೇಶ ಕಳಿಸುತ್ತ, ಉತ್ತರಕ್ಕಾಗಿ ಕಾಯುತ್ತ ಕುಳಿತಿದ್ದ. ಹುಡುಗ ಉಳಿದ, ಮನೆಯವರಿಗೆ ವಿಷಯ ತಿಳಿದು ಈಗ ಚಿಕಿತ್ಸೆ ಪಡೆಯುತ್ತಿದ್ದಾನೆ. ಆದರೆ ಅಂದಿನಿಂದ ಇವನಿಗೆ ಮೊಬೈಲ್ ಆಫ್ ಮಾಡಿ ಮಲಗುವುದು ಸಾಧ್ಯವಾಗಿಲ್ಲ. ನಾನು ಮಲಗಿದ ರಾತ್ರಿಯೇ ಇನ್ನೊಬ್ಬ ಬರೆದರೆ ಎಂಬ ಪ್ರಶ್ನೆಯನ್ನು ಯಾರ ಮುಂದೆಯೂ ಇಡದೆ ಹೊತ್ತು ತಿರುಗುತ್ತಿದ್ದ. ನನ್ನ ತಿಳಿವಳಿಕೆಯಲ್ಲಿ ಇಡೀ ಪ್ರಕರಣದ ಬೇರು ಇದೇ: ಕೊನೆಯಿಲ್ಲದ ಹೊಣೆ, ಹೊರಲು ಒಂದೇ ಹೆಗಲು.

ವೇದಿಕೆಯನ್ನು ಮುಚ್ಚು ಎಂದು ನಾನು ಹೇಳಲಿಲ್ಲ. ಆ ರಾತ್ರಿ ಆತ ಮಾಡಿದ್ದು ಸರಿಯಾಗಿತ್ತೆಂದು ಮೊದಲು ಸ್ಪಷ್ಟವಾಗಿ ಹೇಳಿದೆ, ಏಕೆಂದರೆ ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಇನ್ನು ಮುಂದೆ ಅಂಥ ಸಂದೇಶ ಬಂದರೆ ಏನು ಮಾಡಬೇಕೆಂಬುದನ್ನು ಇಬ್ಬರೂ ಕೂತು ಬರೆದೆವು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಬೇಕು. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹತ್ತಿರದಲ್ಲಿರುವ ನಂಬಿಕಸ್ಥ ಹಿರಿಯರೊಬ್ಬರ ಸಂಪರ್ಕ ಪಡೆಯಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಉಚಿತ ಸಂಖ್ಯೆಯಲ್ಲಿ ದಿನದ ಎಲ್ಲ ಹೊತ್ತಿನಲ್ಲೂ ಕನ್ನಡದಲ್ಲೇ ಮಾತನಾಡಬಹುದೆಂದು ತಿಳಿಸಬೇಕು, ಕೂಡಲೇ ಅಪಾಯವಿದೆ ಎನಿಸಿದರೆ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಬೇಕು. ಗುಟ್ಟಾಗಿಡುತ್ತೇನೆ ಎಂಬ ಮಾತನ್ನು ಮಾತ್ರ ಎಂದಿಗೂ ಕೊಡಬಾರದು. ಈ ಸೂಚನೆಯನ್ನು ವೇದಿಕೆಯ ಮೊದಲ ಪುಟದಲ್ಲೇ ಎಲ್ಲರಿಗೂ ಕಾಣುವಂತೆ ಹಾಕಲು ಹೇಳಿದೆ, ಆಗ ಸಹಾಯಕ್ಕೆ ಅವನೊಬ್ಬನೇ ಬಾಗಿಲಾಗಿ ಉಳಿಯುವುದಿಲ್ಲ.

ರಾತ್ರಿಯ ಪ್ರಶ್ನೆಗೆ ಉತ್ತರ ಹುಡುಕಲು ಹೆಚ್ಚು ಸಮಯ ಬೇಕಾಯಿತು. ಹನ್ನೊಂದರಿಂದ ಬೆಳಿಗ್ಗೆ ಆರರವರೆಗೆ ಹೊಸ ಬರಹಗಳನ್ನು ತಡೆಹಿಡಿಯುವುದು, ಹೊಸ ಸದಸ್ಯರ ಮೊದಲ ಬರಹ ಅನುಮತಿಯಾದ ಮೇಲೆಯೇ ಕಾಣುವಂತೆ ಮಾಡುವುದು, ಹಳೆಯ ಸದಸ್ಯರಲ್ಲಿ ವಯಸ್ಕರಾದ ಇಬ್ಬರನ್ನು ಮಾಡರೇಟರ್‌ಗಳನ್ನಾಗಿ, ಅಂದರೆ ಬರಹಗಳ ಮೇಲೆ ಕಣ್ಣಿಡುವವರನ್ನಾಗಿ, ನೇಮಿಸುವುದು ಎಂದು ನಿಧಾನವಾಗಿ ಒಪ್ಪಿದ. ನೇಮಕಕ್ಕೆ ಬಹಳ ಹಿಂಜರಿದ, ಅವರು ತನ್ನಷ್ಟು ನ್ಯಾಯವಾಗಿ ನಡೆಯುವುದಿಲ್ಲವೆಂಬ ಕಾರಣಕ್ಕೆ. ಲೆಡ್ಜರಿನ ಕಾರಣಗಳ ಅಂಕಣವನ್ನೇ ಆಧಾರವಾಗಿಟ್ಟುಕೊಂಡು ನಿಯಮಗಳ ಒಂದು ಪುಟ ಬರೆಯಲು ಸೂಚಿಸಿದೆ. ಅದು ಅವನ ಮನಸ್ಸಿಗೆ ಹಿಡಿಸಿತು.

ಬ್ಯಾನ್ ಆದ ಒಬ್ಬ ಸದಸ್ಯ ಬೇರೆ ಬೇರೆ ಹೆಸರಿನಲ್ಲಿ ಮರಳಿ ಬಂದು ಇವನ ಮನೆಯ ದೂರವಾಣಿ ಸಂಖ್ಯೆಯನ್ನು ಬಹಿರಂಗಗೊಳಿಸಿದ್ದ. ಅಕ್ಕನಿಗೂ ಅಶ್ಲೀಲ ಕರೆಗಳು ಬಂದಿದ್ದವು. ಈತ ಸಿಟ್ಟಿನಲ್ಲಿ ಅವನ ಐಪಿ ವಿಳಾಸವನ್ನೇ, ಅಂದರೆ ಅಂತರ್ಜಾಲದಲ್ಲಿ ಅವನ ಸಂಪರ್ಕವನ್ನು ಗುರುತಿಸುವ ಸಂಖ್ಯೆಯನ್ನೇ, ತಡೆಹಿಡಿದಿದ್ದ. ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚುವುದರಿಂದ ಏನೂ ತಪ್ಪು ಮಾಡದ ಹುಡುಗರು ಹೊರಗುಳಿದರು, ಆ ವ್ಯಕ್ತಿ ಬೇರೆ ಸಿಮ್‌ನಿಂದ ಒಳಬಂದ. ಸ್ಕ್ರೀನ್‌ಶಾಟ್‌ಗಳನ್ನು ಪುಟದ ವಿಳಾಸ ಮತ್ತು ಸಮಯದೊಂದಿಗೆ ಉಳಿಸಿಕೊಂಡು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಲು, ಆ ವ್ಯಕ್ತಿಯೊಂದಿಗೆ ವಾದವನ್ನು ಪೂರ್ತಿ ನಿಲ್ಲಿಸಲು ಹೇಳಿದೆ. ಟೂರ್ನಿಗಳಿಗಾಗಿ ಇವನೇ ಕೂಡಿಟ್ಟಿದ್ದ ಹುಡುಗರ ಫೋನ್ ಸಂಖ್ಯೆಗಳ ಪಟ್ಟಿಯನ್ನು ಅಳಿಸಲೂ ಸೂಚಿಸಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲರೂ ಮಕ್ಕಳೇ, ಅವರ ಮಾಹಿತಿಯನ್ನು ಹವ್ಯಾಸಿಯೊಬ್ಬ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಳ್ಳುವುದು ಯಾರಿಗೂ ಕ್ಷೇಮವಲ್ಲ.

ಹಣದ ವಿಷಯದಲ್ಲಿ ಒಂದೇ ಕಡೆ ಗಟ್ಟಿಯಾಗಿ ನಿಂತೆ. ಹಣ ಕಟ್ಟಿ ಆಡುವ ಆಟವೊಂದರ ಜಾಹೀರಾತು ಹಾಕಿದರೆ ಹೋಸ್ಟಿಂಗ್ ಖರ್ಚು ತಾವೇ ಕೊಡುವುದಾಗಿ ಯಾರೋ ಬರೆದಿದ್ದರು. ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಇಂಥ ಜಾಹೀರಾತಿಗೆ ಎರಡು ವರ್ಷದವರೆಗೆ ಸೆರೆವಾಸ, 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಕಾನೂನು ಇಲ್ಲದಿದ್ದರೂ ಪಿಯುಸಿ ಹುಡುಗರ ಕಣ್ಣೆದುರು ಅದನ್ನು ನೇತುಹಾಕಬಾರದೆಂದೇ ನಾನು ಹೇಳುತ್ತಿದ್ದೆ.

ತಾಯಿ ಮತ್ತು ಅಕ್ಕನೊಂದಿಗೆ ಪ್ರತ್ಯೇಕವಾಗಿ ಮಾತನಾಡಿದೆ. ಯುವಕನ ಒಪ್ಪಿಗೆ ಪಡೆದು ಆ ಲೆಡ್ಜರಿನ ಕೆಲವು ಸಾಲುಗಳನ್ನು, ಅಡ್ಡಹೆಸರುಗಳನ್ನು ಮುಚ್ಚಿ, ತಾಯಿಗೆ ಓದಿ ಹೇಳಿದೆ. ಅವರು ಇದುವರೆಗೆ ಆ ಪುಸ್ತಕವನ್ನು ಆಟದ ಅಂಕಗಳ ಲೆಕ್ಕವೆಂದೇ ತಿಳಿದಿದ್ದರು. ಇನ್ನು ಮುಂದೆ ಮೊಬೈಲ್ ಕಸಿಯುವ ಬೆದರಿಕೆ ಬೇಡ, ರಾತ್ರಿ ಹನ್ನೊಂದಕ್ಕೆ ಅದು ಅಡುಗೆಮನೆಯ ಚಾರ್ಜರಿಗೆ ಹೋಗಲಿ, ಮದುವೆಯ ಮಾತು ಸದ್ಯ ಮೂರು ತಿಂಗಳು ಬದಿಗಿರಲಿ ಎಂದು ಕೇಳಿಕೊಂಡೆ. ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕೆಂಬುದಕ್ಕೂ ಮೂವರೂ ಒಪ್ಪಿದರು.

ಕಳೆದ ಭೇಟಿಯ ಹೊತ್ತಿಗೆ ನಿದ್ದೆ ಬಹುಮಟ್ಟಿಗೆ ಮರಳಿತ್ತು. ಹೊಸ ಮಾಡರೇಟರ್ ಒಬ್ಬ ಇವನಿಗೆ ಒಪ್ಪಿಗೆಯಾಗದ ಬ್ಯಾನ್ ಒಂದನ್ನು ವಿಧಿಸಿದ್ದ. ಇವನು ಅದನ್ನು ರದ್ದುಮಾಡದೆ, ಮರುದಿನ ಮೂವರೂ ಕೂತು ಚರ್ಚಿಸಿದ್ದರು. ಡೊಮೈನ್ ನವೀಕರಣದ ಹೊಣೆ ಮತ್ತು ದತ್ತಾಂಶದ ಬ್ಯಾಕಪ್ ಇನ್ನೂ ಇವನೊಬ್ಬನ ಕೈಯಲ್ಲೇ ಇವೆ. ಅವನ್ನು ಇನ್ನೊಬ್ಬರೊಂದಿಗೆ ಹಂಚಿಕೊಳ್ಳಲು ಆತ ಸಿದ್ಧನಿಲ್ಲ, ನಾನೂ ಅವಸರಿಸಿಲ್ಲ. ಮುಂದಿನ ಭೇಟಿಯಲ್ಲಿ ಅದರ ಬಗ್ಗೆಯೇ ಮಾತನಾಡುವುದೆಂದು ನಿಶ್ಚಯಿಸಿದ್ದೇವೆ.